ಮತ್ತೆ ಅದೇ ಕಡಲ ತೀರಕ್ಕೆ: ಕಾರವಾರದ ರಜೆ ಮತ್ತು ಕುಟುಂಬದ ಆರೋಗ್ಯ

ಪರಸ್ಥಳದಲ್ಲಿ ನೆಲೆಸಿದ ಕನ್ನಡ ಕುಟುಂಬಗಳಿಗೆ ರಜೆಯೆಂಬುದು ಕೇವಲ ವಿಶ್ರಾಂತಿಯ ಕಾಲವಲ್ಲ. ಮಕ್ಕಳ ಕಿವಿಗೆ ಮನೆಯ ಹೊರಗೂ ಕನ್ನಡ ಬೀಳುವ ಕೆಲವು ದಿನಗಳೂ ಹೌದು. ಸದಾಶಿವ ಪೇಠದಲ್ಲಿ ಬೆಳೆಯುವ ನಮ್ಮ ಮಕ್ಕಳಿಗೆ ಶಾಲೆಯಲ್ಲಿಯೂ ಬೀದಿಯಲ್ಲಿಯೂ ಮರಾಠಿಯೇ ಬಳಕೆಯ ಭಾಷೆ. ಆದಕಾರಣವೇ ಕೊಲ್ಹಾಪುರ, ಬೆಳಗಾವಿಗಳನ್ನು ದಾಟಿ, ಸುಮಾರು 500 ಕಿಲೋಮೀಟರ್ ದೂರದ ಕಾರವಾರಕ್ಕೆ ಮತ್ತೆ ಮತ್ತೆ ಹೋಗಿಬರುವ ಕುಟುಂಬಗಳು ನಮ್ಮಲ್ಲಿವೆ. ನಮ್ಮದೂ ಅವುಗಳಲ್ಲೊಂದು.

ಕಾರವಾರಕ್ಕೂ ನಮ್ಮ ಮಹಾರಾಷ್ಟ್ರಕ್ಕೂ ನಂಟು ಹಳೆಯದು. ಉತ್ತರ ಕನ್ನಡ ಜಿಲ್ಲೆಯು 1862ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿ, 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂದಿತು. ರವೀಂದ್ರನಾಥ ಠಾಕೂರರು ತಾರುಣ್ಯದಲ್ಲಿ, ಅಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಯಲ್ಲಿ ತಂಗಿ ‘ಪ್ರಕೃತಿರ್ ಪ್ರತಿಶೋಧ’ ನಾಟಕವನ್ನು ಬರೆದರು. ಕಾಳಿ ನದಿಯ ದಡದಲ್ಲಿ ಸೋಂದೆಯ ಅರಸರ ಸದಾಶಿವಗಡವಿದೆ. ನಮ್ಮ ಪೇಠಕ್ಕೆ ಹೆಸರು ಕೊಟ್ಟ ಸದಾಶಿವರಾವ್ ಭಾವು ಬೇರೆ, ಆ ಗಡದ ಸದಾಶಿವ ಬೇರೆ. ಆದರೂ ಹೆಸರಿನ ಸಾಮ್ಯ ಮಕ್ಕಳಿಗೆ ಖುಷಿ ಕೊಡುತ್ತದೆ.

ಪರಿಚಯದ ಲಾಭ, ಪರಿಚಯದ ಅಪಾಯ

ಕಂಡ ಊರಿಗೇ ಮರಳಿ ಹೋಗುವುದರಿಂದ ಮನಸ್ಸಿಗೆ ದೊರೆಯುವ ನೆಮ್ಮದಿ ಸಣ್ಣದಲ್ಲ. ವಸತಿ, ಊಟ, ದಾರಿಗಳ ಚಿಂತೆಯಿಲ್ಲ. ವೃದ್ಧರಿಗೆ ಮೊದಲ ರಾತ್ರಿಯೇ ನಿದ್ರೆ ಬರುತ್ತದೆ. ಯುರೋಪಿನ ಅನೇಕ ಕುಟುಂಬಗಳು ಮೆಡಿಟರೇನಿಯನ್ ತೀರದ ಒಂದೇ ಊರಿಗೆ ತಲೆತಲಾಂತರದಿಂದ ಹೋಗುವುದೂ ಈ ನೆಮ್ಮದಿಗಾಗಿಯೇ. ಆದರೆ ಆ ಸಮುದ್ರಕ್ಕೂ ನಮ್ಮ ಅರಬ್ಬೀ ಸಮುದ್ರಕ್ಕೂ ಭೇದವಿದೆ. ಅಲ್ಲಿ ಉಬ್ಬರವಿಳಿತ ಅತ್ಯಲ್ಪ. ಬೇಸಿಗೆ ಒಣಹವೆಯ ಕಾಲ. ನಮ್ಮ ಕಡಲು ದಿನಕ್ಕೆ ಎರಡು ಬಾರಿ ಏರಿ ಇಳಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಗಾರಿನಿಂದ ಉಗ್ರವಾಗಿರುತ್ತದೆ.

ಮುಂಗಾರಿನ ಅಲೆಗಳು ದಡದ ಮರಳನ್ನು ಕಿತ್ತು ಒಳಕ್ಕೆ ಒಯ್ಯುತ್ತವೆ. ಶಾಂತ ಋತುವಿನಲ್ಲಿ ಅದೇ ಮರಳು ಮೆಲ್ಲನೆ ಮರಳುತ್ತದೆ. ಆದರೆ ದಿಣ್ಣೆಗಳೂ ಗುಂಡಿಗಳೂ ಹಿಂದಿನ ಸ್ಥಾನದಲ್ಲಿಯೇ ಇರುವುದಿಲ್ಲ. ಹೋದ ವರ್ಷ ಮೊಣಕಾಲುದ್ದವಿದ್ದ ನೀರು ಈ ವರ್ಷ ಎದೆಯುದ್ದವಾಗಿರಬಹುದು. “ಈ ಕಡಲು ನಮಗೆ ಗೊತ್ತು” ಎಂಬ ಮಾತು ಅಪಾಯಕರವಾಗುವುದು ಇಲ್ಲಿಯೇ. ಬ್ಯಾಂಕಿನಲ್ಲಿ ಹಿಂದಿನ ದಿನದ ಶಿಲ್ಕನ್ನು ಎಣಿಸಿ ನೋಡದೆ ಯಾರೂ ಒಪ್ಪಿಕೊಳ್ಳುವುದಿಲ್ಲ; ಕಡಲಿಗೂ ಅದೇ ನಿಯಮ ಸಲ್ಲಬೇಕು. ತಲುಪಿದ ದಿನವೇ ಜೀವರಕ್ಷಕರನ್ನೋ ಮೀನುಗಾರರನ್ನೋ ಕೇಳಿ ಈ ವರ್ಷದ ಸುರಕ್ಷಿತ ಜಾಗವನ್ನು ತಿಳಿದುಕೊಳ್ಳಬೇಕು. ನದಿ ಕಡಲನ್ನು ಸೇರುವ ಅಳಿವೆಯ ಬಳಿ ಎಂದಿಗೂ ಸ್ನಾನಕ್ಕಿಳಿಯಬಾರದು. ಇಳಿತದ ಹೊತ್ತಿನಲ್ಲಿ ಅಲ್ಲಿನ ಹರಿವು ಹೊರಕ್ಕೆಳೆಯುತ್ತದೆ.

ಸೆಳೆತವನ್ನು ಗುರುತಿಸುವ ಬಗೆ

ದಡಕ್ಕೆ ಬಂದ ಅಲೆಗಳ ನೀರು ಹಿಂದಿರುಗುವಾಗ ದಿಣ್ಣೆಗಳ ನಡುವಣ ಕಿರಿದಾದ ತಗ್ಗಿನಲ್ಲಿ ಒಟ್ಟಾಗಿ ಹರಿಯುತ್ತದೆ. ಇದೇ ಸೆಳೆತ. ಎರಡೂ ಕಡೆ ಅಲೆಗಳು ನೊರೆಯಾಗಿ ಒಡೆಯುತ್ತಿದ್ದು ನಡುವೆ ನೀರು ಶಾಂತವಾಗಿ ಕಂಡರೆ ಅದು ಸೆಳೆತದ ಜಾಗವಿರಬಹುದು. ಅರಿಯದವರು ಆ ಶಾಂತಜಾಗವನ್ನೇ ಆರಿಸಿಕೊಳ್ಳುತ್ತಾರೆ. ಸೆಳೆತವು ಮನುಷ್ಯನನ್ನು ಕೆಳಕ್ಕೆಳೆಯುವುದಿಲ್ಲ, ಹೊರಕ್ಕೊಯ್ಯುತ್ತದೆ. ಅದಕ್ಕೆದುರಾಗಿ ಈಜಿ ದಣಿದವರೇ ಮುಳುಗುತ್ತಾರೆ. ಸಿಕ್ಕಿಕೊಂಡವರು ಗಾಬರಿಗೊಳ್ಳದೆ ತೇಲುತ್ತಾ ಕೈಯೆತ್ತಿ ಕರೆಯಬೇಕು. ಈಜು ಬಲ್ಲವರು ದಡಕ್ಕೆ ಸಮಾನಾಂತರವಾಗಿ ಈಜಿ, ಸೆಳೆತ ತಪ್ಪಿದ ಮೇಲೆ ದಡದತ್ತ ತಿರುಗಬೇಕು.

2016ರ ಫೆಬ್ರವರಿಯಲ್ಲಿ ರಾಯಗಡ ಜಿಲ್ಲೆಯ ಮುರುಡಿನಲ್ಲಿ ನಮ್ಮ ಪುಣೆಯ ಹನ್ನೆರಡಕ್ಕೂ ಹೆಚ್ಚು ವಿದ್ಯಾರ್ಥಿಗಳು ಪ್ರಾಣ ಕಳೆದುಕೊಂಡರು. 2024ರ ಡಿಸೆಂಬರ್‌ನಲ್ಲಿ ಮುರ್ಡೇಶ್ವರದಲ್ಲಿ ಕೋಲಾರ ಜಿಲ್ಲೆಯ ನಾಲ್ವರು ಶಾಲಾ ಬಾಲಕಿಯರು ನೀರುಪಾಲಾದರು. ಎರಡೂ ದುರಂತಗಳು ನಡೆದದ್ದು ಮಳೆಗಾಲದಲ್ಲಲ್ಲ ಎಂಬುದನ್ನು ಗಮನಿಸಬೇಕು. 2019ರ ಜನವರಿಯಲ್ಲಿ ಕಾರವಾರದ ಸಮೀಪದ ಕೂರ್ಮಗಡದ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ ಹದಿನೈದಕ್ಕೂ ಹೆಚ್ಚು ಜನ ಅಸುನೀಗಿದರು. ಜೀವರಕ್ಷಕ ಅಂಗಿ ಕೊಡದ ದೋಣಿಯನ್ನು, ಎಷ್ಟೇ ಪರಿಚಿತನದಾದರೂ, ಹತ್ತಲಾಗದು.

ಕಾವಲಿನ ಹೊಣೆ

ಮುಳುಗುವವರು ಕೂಗುವುದು ವಿರಳ. ಉಸಿರಿಗಾಗಿ ಹೆಣಗುವ ಬಾಯಿಂದ ಧ್ವನಿ ಹೊರಡದು. ಹತ್ತು ಜನರ ಕುಟುಂಬದಲ್ಲಿ ಎಲ್ಲರೂ ನೋಡುತ್ತಿದ್ದಾರೆಂದರೆ ಯಾರೂ ನೋಡುತ್ತಿಲ್ಲವೆಂದೇ ಅರ್ಥ. ಖಜಾನೆಯ ಕೀಲಿ ಯಾರ ವಶದಲ್ಲಿದೆ ಎಂಬುದು ಯಾವ ಗಳಿಗೆಯಲ್ಲಿಯೂ ಗೊತ್ತಿರಬೇಕಾದಂತೆ, ಮಕ್ಕಳ ಕಾವಲು ಯಾರದೆಂಬುದೂ ಗೊತ್ತಿರಬೇಕು. ಒಬ್ಬರು ಎದ್ದು ಹೋಗುವಾಗ “ಇನ್ನು ನೀವು ನೋಡಿ” ಎಂದು ಬಾಯಿಬಿಟ್ಟು ಹೇಳಿಯೇ ಹೋಗಬೇಕು. ಚಿಕ್ಕ ಮಕ್ಕಳು ಕೈಗೆಟಕುವಷ್ಟು ಹತ್ತಿರದಲ್ಲಿರಬೇಕು. ಮದ್ಯ ಸೇವಿಸಿದವರು ನೀರಿಗಿಳಿಯಬಾರದು, ಕಾವಲಿಗೂ ನಿಲ್ಲಬಾರದು.

ನೀರಿನಿಂದ ಎತ್ತಿದವರ ಹೊಟ್ಟೆಯೊತ್ತಿ ನೀರು ಕಕ್ಕಿಸುವ ಹಳೆಯ ರೂಢಿ ತಪ್ಪು. ಉಸಿರಿಲ್ಲದಿದ್ದರೆ ಮೊದಲು ಬಾಯಿಗೆ ಬಾಯಿಟ್ಟು ಐದು ಬಾರಿ ಉಸಿರೂದಬೇಕು. ಚೇತರಿಕೆ ಕಾಣದಿದ್ದರೆ ಎದೆಯ ನಡುವೆ ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ 30 ಬಾರಿ ಒತ್ತಿ, ಎರಡು ಬಾರಿ ಉಸಿರೂದುತ್ತಾ, ನೆರವು ಬರುವವರೆಗೆ ಮುಂದುವರಿಸಬೇಕು. ಅಷ್ಟರಲ್ಲಿ ಇನ್ನೊಬ್ಬರು 108 ಅಥವಾ 112ಕ್ಕೆ ಕರೆಮಾಡಬೇಕು.

ಬಿಸಿಲು, ಬೆವರು, ಆಹಾರ

ಪುಣೆಯ ಒಣ ಬೇಸಿಗೆಗೆ ಒಗ್ಗಿದ ದೇಹಕ್ಕೆ ಕರಾವಳಿಯ ಸೆಕೆ ಬೇರೆಯೇ ಅನುಭವ. ಗಾಳಿಯಲ್ಲಿ ತೇವ ಹೆಚ್ಚಾದುದರಿಂದ ಬೆವರು ಆರುವುದಿಲ್ಲ, ದೇಹ ತಣಿಯುವುದಿಲ್ಲ. ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ನೆರಳಿನಲ್ಲಿರುವುದು ಲೇಸು. ಬಾಯಾರಿಕೆಗೆ ಕಾಯದೆ ನೀರು, ಎಳನೀರು, ಮಜ್ಜಿಗೆ ಕುಡಿಯುತ್ತಿರಬೇಕು. ಮೂತ್ರಪಿಂಡ ಅಥವಾ ಹೃದಯದ ಕಾಯಿಲೆಯುಳ್ಳವರು ವೈದ್ಯರು ಹೇಳಿದ ಮಿತಿಯನ್ನು ಮೀರಬಾರದು. ಭೇದಿಯಾದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಮಟ್ಟಸ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಬೆರೆಸಿ ಗುಟುಕು ಗುಟುಕಾಗಿ ಕೊಡಬೇಕು. ರಕ್ತದೊತ್ತಡ, ಮಧುಮೇಹಗಳ ಮಾತ್ರೆಗಳನ್ನು ದೊಡ್ಡ ಪೆಟ್ಟಿಗೆಯಲ್ಲಿಡದೆ ಕೈಚೀಲದಲ್ಲಿಯೇ ಒಯ್ಯಬೇಕು.

ಜೆಲ್ಲಿ ಮೀನೆಂಬ ಲೋಳೆಯಂತಹ ಜೀವಿ ತಗುಲಿ ಉರಿಯೆದ್ದರೆ ಉಜ್ಜಬಾರದು. ಸಮುದ್ರದ ನೀರಿನಿಂದಲೇ ತೊಳೆದು, ಅಂಟಿದ ಎಳೆಗಳನ್ನು ಚಿಮಟಿಗೆಯಿಂದ ತೆಗೆದು, ಉಸಿರಾಟಕ್ಕೆ ತೊಂದರೆ ಕಂಡರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ಇವೆಲ್ಲ ಓದಿ ಯಾರೂ ಪ್ರವಾಸವನ್ನು ಕೈಬಿಡಬೇಕಾಗಿಲ್ಲ. ಹೊನ್ನಾವರದ ಕಾಸರಕೋಡು ಮತ್ತು ಉಡುಪಿಯ ಬಳಿಯ ಪಡುಬಿದ್ರಿ ತೀರಗಳು 2020ರಲ್ಲಿ ಅಂತರರಾಷ್ಟ್ರೀಯ ‘ನೀಲಿ ಬಾವುಟ’ದ ಮನ್ನಣೆ ಪಡೆದವು, ಸ್ವಚ್ಛತೆಯೊಡನೆ ಸುರಕ್ಷತೆಯೂ ಆ ಮನ್ನಣೆಯ ಅಳತೆಗೋಲು. ನಮ್ಮ ಕಡಲು ನಮ್ಮನ್ನು ಪ್ರತಿವರ್ಷವೂ ಕರೆಯಲಿ. ಹೋದಷ್ಟೇ ಜನ, ಹೋದಷ್ಟೇ ನಗುವಿನೊಂದಿಗೆ, ಮರಳಿ ಮನೆ ಸೇರುವಂತಾಗಲಿ ಎಂಬುದೇ ಈ ಲೇಖನದ ಆಶಯ.