ಬೂಸ್ಟರ್ ಪೈಪು ಹೀರೋ ಪೈಪು ಕಣಪ್ಪ

ಅಂಬಾಸಿಡರ್ ತಗೊಂಡೆಯಂತೆ, ಶಭಾಷ್. ಉತ್ತರಪಾರಾದ ಕಾರ್ಖಾನೆ 2014ರಲ್ಲೇ ನಿಂತುಹೋಯ್ತು, ಇರೋದನ್ನ ಉಳಿಸ್ಕೋಬೇಕು. ಆದರೆ ಮೊನ್ನೆ ನಮ್ಮ ಕೆಂಪಾಪುರದಲ್ಲಿ, ಕೆಂಪೇಗೌಡರ ಸಮಾಧಿ ಹತ್ರ ನೀನು ಬಾನೆಟ್ ಎತ್ತಿದಾಗ ನನಗೆ ನಗಬೇಕೋ ಅಳಬೇಕೋ ತಿಳೀಲಿಲ್ಲ. ಬ್ರೇಕ್ ಬೂಸ್ಟರಿಗೆ ಹಾಕಿದ್ದು ನೀರಿನ ಪೈಪು! ಕಪ್ಪಗಿರೋದೆಲ್ಲ ಒಂದೇನಾ, ಜಾಣ?

ಎಳನೀರಿಗೆ ನೆನೆದ ಕಾಗದದ ಸ್ಟ್ರಾ ಹಾಕಿ ಜೋರಾಗಿ ಹೀರು. ಸ್ಟ್ರಾ ಚಪ್ಪಟೆಯಾಗುತ್ತೆ, ನಿನ್ನ ಕೆನ್ನೆ ಗುಳಿ ಬೀಳುತ್ತೆ, ನೀರು ಮಾತ್ರ ಬರಲ್ಲ. ಇಲ್ಲೂ ಅದೇ ಕಥೆ. ನಿನ್ನ ಪೆಟ್ರೋಲ್ ಇಂಜಿನ್ನು ಮ್ಯಾನಿಫೋಲ್ಡ್ ಕಡೆಯಿಂದ ಬೂಸ್ಟರಿನ ಗಾಳಿ ಹೀರುತ್ತೆ, ಆ ಹೀರಿಕೆಯೇ ಬ್ರೇಕ್ ಪೆಡಲನ್ನ ಹಗುರ ಮಾಡೋದು. ನೀರಿನ ಪೈಪು ಒಳಗಿನ ಒತ್ತಡ ತಡೆಯೋಕೆ ಮಾಡಿದ್ದು. ಹೀರಿದರೆ ಕುಗ್ಗುತ್ತೆ, ಪೆಟ್ರೋಲ್ ಆವಿಗೆ ಊದಿಕೊಳ್ಳುತ್ತೆ.

ನಿನ್ನ ವಯಸ್ಸಲ್ಲಿ ನಾನೂ ಮಹಾ ಬುದ್ಧಿವಂತ. ಮನೇಲಿ ಬಿದ್ದಿದ್ದ ತುಂಡು ಪೈಪು ಸಿಕ್ಕಿಸಿದ್ದೆ. ಸಾವನದುರ್ಗದ ದಾರಿ ಇಳಿಜಾರಲ್ಲಿ ಅದು ಕುಗ್ಗಿ, ಪೆಡಲು ಗುಂಡುಕಲ್ಲಾಗಿಹೋಯ್ತು. ಎರಡೂ ಕಾಲಲ್ಲಿ ತುಳಿದೆ. ಕುರಿ ಮಂದೆಗೆ ಒಂದು ಮೊಳ ಇರುವಾಗ ಗಾಡಿ ನಿಂತಿತು. ಕುರಿ ಕಾಯೋನು ಬೈದದ್ದನ್ನ ಬರೆಯೋ ಹಾಗಿಲ್ಲ.

ಸರಿಯಾದ ಪೈಪಿಗೆ ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗೆ ಹೋದರೆ ‘ಒಂದು ಪೈಪ್ ಕೊಡಿ’ ಅನ್ನಬೇಡ. ಬ್ರೇಕ್ ಬೂಸ್ಟರಿನ ವ್ಯಾಕ್ಯೂಮ್ ಪೈಪ್ ಅಂತ ಬಾಯಿಬಿಟ್ಟು ಕೇಳು. ಕತ್ತರಿಸಿದ ತುದಿ ನೋಡು, ಗೋಡೆ ದಪ್ಪಗಿರಬೇಕು, ನಡುವೆ ನೂಲಿನ ಹೆಣಿಗೆ ಕಾಣಬೇಕು. ಬೆರಳಲ್ಲಿ ಹಿಸುಕಿದರೆ ಸುಲಭಕ್ಕೆ ಚಪ್ಪಟೆಯಾಗಬಾರದು. ಹಳೇ ಪೈಪಿನ ಬಾಯಿ ಅಳೆದುಕೊಂಡು ಹೋಗಬೇಡ, ಅದು ಹಿಗ್ಗಿರುತ್ತೆ. ಪೈಪು ಸಿಕ್ಕಿಸೋ ನಿಪ್ಪಲಿನ ಮೇಲೆ ವರ್ನಿಯರ್ ಇಟ್ಟು ಅಳೆ, ಎರಡೂ ತುದಿಯದನ್ನ. ಸಡಿಲ ಪೈಪನ್ನ ಕ್ಲಿಪ್ಪಲ್ಲಿ ಬಿಗೀತೀನಿ ಅನ್ನೋದು ದೊಗಲೆ ಚಡ್ಡಿಗೆ ಉಡಿದಾರ ಸುತ್ತಿದ ಹಾಗೆ. ಉದ್ದಕ್ಕೆ ಹಳೇದೇ ಅಳತೆ. ಸೈಲೆನ್ಸರ್ ಕಡೆಯ ಬಿಸಿ ತಾಗದ ಹಾಗೆ, ಎಲ್ಲೂ ಮಡಚದ ಹಾಗೆ ಹಾಯಿಸು.

ಒನ್‌ವೇ ವಾಲ್ವ್ ಮರೀಬೇಡ. ಬಾಯಿಟ್ಟು ಊದಿ ನೋಡು: ಬೂಸ್ಟರ್ ಕಡೆಯಿಂದ ಇಂಜಿನ್ ಕಡೆಗೆ ಗಾಳಿ ಹೋಗಬೇಕು, ವಾಪಸ್ ಬರಬಾರದು. ಅವಸರದಲ್ಲಿ ಅದನ್ನ ತಿರುಗಾಮುರುಗಾ ಕೂರಿಸಿದ ಮೇಧಾವಿಗಳನ್ನೂ ಕಂಡಿದ್ದೀನಿ.

ಎಲ್ಲ ಜೋಡಿಸಿದ ಮೇಲೆ, ಇಂಜಿನ್ ಆಫ್ ಇರುವಾಗಲೇ ನಾಲ್ಕೈದು ಸಲ ಬ್ರೇಕ್ ತುಳಿ, ಪೆಡಲು ಗಟ್ಟಿಯಾಗುತ್ತೆ. ಕಾಲು ಎತ್ತದೆ ಸ್ಟಾರ್ಟ್ ಮಾಡು. ಪೆಡಲು ತುಸು ಕೆಳಕ್ಕಿಳಿದರೆ ಪೈಪು ಹೀರ್ತಾ ಇದೆ. ಇಳೀಲಿಲ್ಲವೋ, ‘ಉಸ್ಸ್’ ಅಂತ ಸದ್ದು ಬಂತೋ, ಗಾಡಿ ರಸ್ತೆಗೆ ತೆಗೀಬೇಡ. ನನಗೆ ಫೋನ್ ಮಾಡು, ನಾನೇ ಬಸ್ ಹತ್ತಿ ಬರ್ತೀನಿ.