ಪ್ಲಾಸ್ಟಿಕ್ ಚೀಲ ಬಿಸಿಲಲ್ಲಿ ಯಾಕೆ ಪುಡಿಯಾಗುತ್ತೆ?

ಜೆ.ಪಿ. ನಗರದ ಅಂಗಡಿಗೆ ಅಕ್ಕಿ, ರಾಗಿ ಹೋಗೋ ನೇಯ್ದ ಪ್ಲಾಸ್ಟಿಕ್ ಚೀಲ ಸಾಮಾನ್ಯವಾಗಿ ಪಾಲಿಪ್ರೊಪಿಲೀನ್‌ನದು. ಅದರ ಹರಳು ನಮ್ಮ ರಾಜ್ಯದಲ್ಲೇ, ಮಂಗಳೂರಿನ ಎಂಆರ್‌ಪಿಎಲ್‌ನಲ್ಲೂ ತಯಾರಾಗುತ್ತೆ. 1988ರಲ್ಲಿ ಸ್ಥಾಪನೆಯಾದ, ಈಗ ಒಎನ್‌ಜಿಸಿಯ ಅಧೀನದಲ್ಲಿರುವ ಈ ಕಂಪನಿ ವರ್ಷಕ್ಕೆ 1.5 ಕೋಟಿ ಟನ್ ಕಚ್ಚಾತೈಲ ಸಂಸ್ಕರಿಸಬಲ್ಲದು. ಪೆಟ್ರೋಲ್, ಡೀಸೆಲ್, ಅಡುಗೆ ಅನಿಲ, ಡಾಂಬರು, ಗಂಧಕ ಎಲ್ಲ ಅಲ್ಲಿಂದ ಬರುತ್ತೆ. ಜೊತೆಗೆ ಸಿಗುವ ಪ್ರೊಪಿಲೀನ್ ಅನಿಲದ ಅಣುಗಳನ್ನು ಸರಪಳಿಯಂತೆ ಪೋಣಿಸಿದರೆ ಪಾಲಿಪ್ರೊಪಿಲೀನ್. ಇದರ ಸಾಮರ್ಥ್ಯ ವರ್ಷಕ್ಕೆ 4.4 ಲಕ್ಷ ಟನ್. (ಡ್ರಿಪ್ ಪೈಪು, ಮಲ್ಚಿಂಗ್ ಶೀಟು ಬೇರೆ ಜಾತಿ, ಪಾಲಿಎಥಿಲೀನ್.)

ಈ ಸರಪಳಿಯನ್ನು ಬಿಸಿಲಿನ ಅತಿನೇರಳೆ ಕಿರಣ ತುಂಡರಿಸುತ್ತೆ. ಯುವಿ ಸ್ಟೆಬಿಲೈಸರ್ ಸೇರಿಸದ ಚೀಲ ಬೇಸಿಗೆಯಿಡೀ ಅಂಗಳದಲ್ಲಿ ಬಿದ್ದಿದ್ರೆ ಎತ್ತುವಾಗಲೇ ಹರಿದು ರಾಗಿ ನೆಲದ ಪಾಲು. ದಾರದ ಪುಡಿ ಮಣ್ಣಿಗೆ ಸೇರಿದ್ರೆ ಆರಿಸೋಕೂ ಆಗಲ್ಲ. ‘ದಪ್ಪ ಇದೆ, ಬಾಳಿಕೆ ಬರುತ್ತೆ’ ಅನ್ನೋ ಅಂಗಡಿಯವರ ಮಾತು ಅರ್ಧ ನಿಜ ಅಷ್ಟೆ. ಯುವಿ ಎಷ್ಟು ತಿಂಗಳಿಗೆ ಅಂತ ಕೇಳಿ, ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಹಳೇ ಚೀಲವನ್ನು ಉಗುರಿನಿಂದ ಕೆರೆದು ನೋಡಿ. ದಾರ ಉದುರಿದ್ರೆ ಧಾನ್ಯ ತುಂಬಬೇಡಿ. ಸುಡಲೂಬೇಡಿ, ಗುಜರಿಗೆ ಹಾಕಿ.