ಅಂಗಡಿ ಬೀದಿ ಎಲ್ಲಿ ಬರಬೇಕು? ಹೊಸ ಬಡಾವಣೆಯವರು ಮಾಡಬೇಕಾದ ಕೆಲಸ

ಮನೆ ಕಟ್ಟಿದ್ದಾಯಿತು, ಗೃಹಪ್ರವೇಶವೂ ಮುಗಿಯಿತು. ಒಂದು ಕಟ್ಟು ಕೊತ್ತಂಬರಿ ಬೇಕೆಂದರೆ ಮಾತ್ರ ಬೈಕ್ ತೆಗೆಯಲೇಬೇಕು. ಕೋಲಾರದ ಟಮಕದ ಕಡೆ, ಟೇಕಲ್ ರಸ್ತೆಯ ಕಡೆ, ಮಾಲೂರಿನ ಕೈಗಾರಿಕಾ ಪ್ರದೇಶದ ಸುತ್ತ, ಎಲ್ಲೇ ನೋಡಿದರೂ ಹೊಸ ಬಡಾವಣೆಗಳ ಪಾಡು ಹೆಚ್ಚುಕಡಿಮೆ ಇದೇ. ಕಿರಾಣಿ, ಬ್ಯಾಂಕು, ಔಷಧಿ ಅಂಗಡಿ, ಮಕ್ಕಳ ಟ್ಯೂಷನ್ ಎಲ್ಲದಕ್ಕೂ ಹಳೇ ಪೇಟೆಯೇ ಗತಿ. ಹೀಗಾಗಿ ಕ್ಲಾಕ್ ಟವರ್, ಎಂ.ಜಿ. ರಸ್ತೆಗಳಲ್ಲಿ ಸಂಜೆ ಕಾಲಿಡಲು ಜಾಗವಿರುವುದಿಲ್ಲ.

ಬಡಾವಣೆಗೆ ಹತ್ತಿರದಲ್ಲೇ ಒಂದು ಪುಟ್ಟ ಪೇಟೆ ಬೇಕಾದರೆ ಅದು ನಕ್ಷೆಯ ಮೇಲೆ ಮೊದಲು ಬರಬೇಕು. ನಕ್ಷೆಯಲ್ಲಿ ಬರುವಂತೆ ಕೇಳುವ ಹಕ್ಕು ನಾಗರಿಕರಿಗೆ ಇದೆ. ಕೇಳಲು ನಿಗದಿಯಾದ ಹೊತ್ತೂ ಇದೆ. ಆ ಹೊತ್ತು ಮೀರಿದ ಮೇಲೆ ಎಷ್ಟು ಮನವಿ ಕೊಟ್ಟರೂ ಕಡತದೊಳಗೆ ಉಳಿಯುವುದೇ ಹೆಚ್ಚು.

ಮೊದಲು ನಕ್ಷೆ ನೋಡಿ

ಪಟ್ಟಣದ ಯಾವ ಜಾಗ ಯಾವುದಕ್ಕೆ ಎಂದು ತೀರ್ಮಾನಿಸುವುದು ಮಹಾಯೋಜನೆ, ಅಂದರೆ ಮಾಸ್ಟರ್ ಪ್ಲಾನ್. ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ 1961ರ ಪ್ರಕಾರ ಇದನ್ನು ಸಿದ್ಧಪಡಿಸುವುದು ಸ್ಥಳೀಯ ಯೋಜನಾ ಪ್ರಾಧಿಕಾರ. ಕೋಲಾರಕ್ಕೆ ನಗರಾಭಿವೃದ್ಧಿ ಪ್ರಾಧಿಕಾರವಿದೆ, ಮಾಲೂರಿಗೆ ಯೋಜನಾ ಪ್ರಾಧಿಕಾರವಿದೆ. ಮುಳಬಾಗಿಲು, ಶ್ರೀನಿವಾಸಪುರದವರು ತಮ್ಮ ನಗರಸಭೆ ಅಥವಾ ಪುರಸಭೆಯಲ್ಲಿ, ಇಲ್ಲವೇ ಕೋಲಾರದಲ್ಲಿ ನಗರ ಮತ್ತು ಗ್ರಾಮಾಂತರ ಯೋಜನಾ ಇಲಾಖೆಯ ಕಚೇರಿಯಲ್ಲಿ ವಿಚಾರಿಸಬಹುದು.

ನಕ್ಷೆ ಓದುವುದು ಕಷ್ಟದ ವಿದ್ಯೆಯೇನಲ್ಲ. ಹಳದಿ ಎಂದರೆ ವಸತಿ, ನೀಲಿ ಎಂದರೆ ವಾಣಿಜ್ಯ, ನೇರಳೆ ಕೈಗಾರಿಕೆ, ಕೆಂಪು ಶಾಲೆ–ಆಸ್ಪತ್ರೆ–ಕಚೇರಿಗಳಂಥ ಸಾರ್ವಜನಿಕ ಬಳಕೆ, ಹಸಿರು ಉದ್ಯಾನ ಮತ್ತು ಬಯಲು. ನಿಮ್ಮ ಬಡಾವಣೆಯ ಸರ್ವೆ ನಂಬರ್ ಹುಡುಕಿ, ಅಲ್ಲಿಂದ ನಡೆದುಹೋಗುವಷ್ಟು ದೂರದಲ್ಲಿ ನೀಲಿ ಎಲ್ಲಿದೆ ನೋಡಿ. ಬಹುತೇಕ ಕಡೆ ನೀಲಿ ಬಣ್ಣ ಹೆದ್ದಾರಿಯ ಅಂಚಿಗೆ ಉದ್ದಕ್ಕೆ ಎಳೆದ ಪಟ್ಟಿಯಂತೆ ಕಾಣುತ್ತದೆ. ಬಡಾವಣೆಗಳ ನಡುವೆ ಒಂದು ಚುಕ್ಕಿಯೂ ಇರುವುದಿಲ್ಲ. ಸಮಸ್ಯೆ ಅಲ್ಲೇ ಶುರುವಾಗುವುದು.

ಇಲ್ಲೊಂದು ಎಚ್ಚರಿಕೆ. ಸೈಟು ಮಾರುವವರ ಬಣ್ಣದ ಕರಪತ್ರದಲ್ಲಿ ‘ಶಾಪಿಂಗ್ ಕಾಂಪ್ಲೆಕ್ಸ್’ ಎಂದು ಬರೆದಿದ್ದರೆ ಅದಕ್ಕೆ ಬೆಲೆಯಿಲ್ಲ. ಪ್ರಾಧಿಕಾರ ಅನುಮೋದಿಸಿದ ಬಡಾವಣೆ ನಕ್ಷೆಯ ನಕಲು ಪಡೆದು, ಅದರಲ್ಲಿ ವಾಣಿಜ್ಯ ನಿವೇಶನ, ಉದ್ಯಾನ, ನಾಗರಿಕ ಸೌಲಭ್ಯದ ನಿವೇಶನ (ಜನ ‘ಸಿಎ ಸೈಟ್’ ಎನ್ನುವುದು) ಎಲ್ಲೆಲ್ಲಿವೆ ಎಂದು ಗುರುತು ಹಾಕಿಕೊಳ್ಳಿ. ಸಿಎ ಸೈಟು ಇರುವುದು ಅಂಗನವಾಡಿ, ಗ್ರಂಥಾಲಯ, ಆರೋಗ್ಯ ಕೇಂದ್ರದಂಥ ಸೌಲಭ್ಯಕ್ಕೆ. ಅದರ ಮೇಲೆ ಅಂಗಡಿ ಕೇಳುವ ತಪ್ಪು ಮಾಡಬೇಡಿ. ಅಂಗಡಿ ಸಾಲಿನ ಪಕ್ಕದಲ್ಲೇ ಅದನ್ನು ಬೆಳೆಸಿ ಎಂದು ಕೇಳಿ. ತರಕಾರಿ ತರಲು ಬಂದವರೇ ಗ್ರಂಥಾಲಯಕ್ಕೂ ಹೋಗುತ್ತಾರೆ, ಮಗುವಿಗೆ ಲಸಿಕೆಯನ್ನೂ ಹಾಕಿಸುತ್ತಾರೆ. ಪೇಟೆ ಎಂದರೆ ಬರೀ ಕೊಳ್ಳುವ ಜಾಗವಲ್ಲ ಎಂದು ಸಂತೆ ಕಂಡವರಿಗೆ ಹೇಳಬೇಕಿಲ್ಲ.

ಮೆಲ್ಬರ್ನ್ ನಗರದವರೂ 2002ರಲ್ಲಿ ‘ಮೆಲ್ಬರ್ನ್ 2030’ ಯೋಜನೆಯಲ್ಲಿ ಇದೇ ದಾರಿ ಹಿಡಿದರು. ರೈಲು, ಟ್ರಾಮ್ ನಿಲ್ಲುವ ಕಡೆ ನೂರಕ್ಕೂ ಹೆಚ್ಚು ಚಟುವಟಿಕೆ ಕೇಂದ್ರಗಳನ್ನು ಗುರುತಿಸಿ, ಅಂಗಡಿ, ಕಚೇರಿ, ಮನೆಗಳು ಅಲ್ಲೇ ಒತ್ತಟ್ಟಿಗೆ ಬೆಳೆಯಲಿ ಎಂದರು. ನಮ್ಮಲ್ಲಿ ಅಷ್ಟು ದೊಡ್ಡದೇನೂ ಬೇಡ. ಒಂದು ಬಸ್ ಸ್ಟಾಪು, ನಾಲ್ಕು ಬಡಾವಣೆಗಳ ಕೂಡುರಸ್ತೆ ಸಾಕು.

ಜನ ಎಲ್ಲಿ ಸೇರುತ್ತಾರೆ, ಬರೆದಿಡಿ

ಸ್ಥಳೀಯ ಸಂಸ್ಥೆ ಕಟ್ಟಿಸಿದ ಮಳಿಗೆಗಳು ಬಾಗಿಲು ತೆರೆಯದೆ ಧೂಳು ತಿನ್ನುವುದನ್ನು ರಾಜ್ಯದ ಎಷ್ಟೋ ಊರುಗಳಲ್ಲಿ ನೋಡಬಹುದು. ಸರ್ಕಾರಿ ಜಾಗ ಸಿಕ್ಕಿದ ಕಡೆ ಕಟ್ಟಿದರೇ ಹೊರತು ಜನ ಓಡಾಡುವ ಕಡೆ ಕಟ್ಟಲಿಲ್ಲ. ಅದಕ್ಕೇ ಬೇಡಿಕೆ ಇಡುವ ಮೊದಲು ನೀವೇ ಒಂದು ಸಣ್ಣ ಲೆಕ್ಕ ಮಾಡಿ. ವಾರದ ದಿನ ಬೆಳಿಗ್ಗೆ, ವಾರದ ದಿನ ಸಂಜೆ, ಹಬ್ಬದ ಹಿಂದಿನ ದಿನ, ಈ ಮೂರು ಹೊತ್ತಿನಲ್ಲಿ ಎಲ್ಲಿ ಎಷ್ಟು ತಳ್ಳುಗಾಡಿ ನಿಲ್ಲುತ್ತವೆ, ಎಷ್ಟು ಜನ ನಿಂತು ಕೊಳ್ಳುತ್ತಾರೆ, ಎಷ್ಟು ಆಟೊ ಬರುತ್ತವೆ ಎಂದು ಬರೆಯಿರಿ. ಫೋನಿನಲ್ಲಿ ದಿನಾಂಕ ಬೀಳುವಂತೆ ಫೋಟೊ ತೆಗೆಯಿರಿ.

ನಾಲ್ಕು ಊರಿಗೂ ಒಂದೇ ಲೆಕ್ಕ ಹೊಂದುವುದಿಲ್ಲ.

ಮಾಲೂರು ಬೆಂಗಳೂರು–ಜೋಲಾರಪೇಟೆ ರೈಲು ಮಾರ್ಗದಲ್ಲಿದೆ. ಸಂಜೆ ರೈಲಿಳಿದವರು ನಿಲ್ದಾಣದಿಂದ ಮನೆಗೆ ಹೋಗುವ ದಾರಿಯಲ್ಲೇ ಕೊಳ್ಳುವವರು. ಕಾರ್ಖಾನೆ ಪಾಳಿ ಬಿಡುವ ಹೊತ್ತು ಬೇರೆ, ಆ ಜನ ಬೇರೆ. ನರಸಾಪುರ, ವೇಮಗಲ್ ಕಡೆಯ ಕೈಗಾರಿಕಾ ಪ್ರದೇಶಗಳಲ್ಲೂ ಇದೇ ಮಾತು. ಹೊರಗಿನಿಂದ ಬಂದು ಪಿ.ಜಿ.ಗಳಲ್ಲಿರುವ ಯುವತಿಯರಿಗೆ ರಾತ್ರಿ ಪಾಳಿ ಮುಗಿಸಿ ಬರುವಾಗ ತೆರೆದಿರುವ, ದೀಪವಿರುವ ಅಂಗಡಿ ಸಾಲು ಬೇಕು. ನಕ್ಷೆ ಮಾಡುವವರಿಗೆ ಈ ಗಡಿಯಾರ ಕಾಣುವುದಿಲ್ಲ, ನೀವೇ ತೋರಿಸಬೇಕು. ಈಗಂತೂ ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್‌ವೇ ಮಾಲೂರಿನ ಪಕ್ಕದಲ್ಲೇ ಹಾದಿದೆ. ಆ ರಸ್ತೆಗೆ ನೇರವಾಗಿ ಅಂಗಡಿ ಬಾಗಿಲು ತೆರೆಯುವಂತಿಲ್ಲ. ಅದಕ್ಕೆ ಹತ್ತಿ ಇಳಿಯುವ ರಸ್ತೆಗಳ ಮೇಲೆ ಎಲ್ಲರ ಕಣ್ಣು ಬೀಳುವುದು ಖಚಿತ.

ಶ್ರೀನಿವಾಸಪುರದಲ್ಲಿ ಕಾಲವೇ ಪೇಟೆಯನ್ನು ಅಳೆಯುತ್ತದೆ. ಮೇ ಕೊನೆಯಿಂದ ಜುಲೈವರೆಗೆ ಮಾವಿನ ಮಂಡಿಗಳ ಭರಾಟೆ, ಲಾರಿಗಳ ಸಾಲು, ಕೂಲಿಯವರ ಊಟ–ಟೀ ಅಂಗಡಿಗಳು. ಉಳಿದ ತಿಂಗಳು ಅದೇ ಜಾಗ ಖಾಲಿ. ಹೀಗೆ ಸುಗ್ಗಿಗೆ ಮಾತ್ರ ತುಂಬುವ ಜಾಗಕ್ಕೆ ನಕ್ಷೆಯಲ್ಲಿ ಪ್ರತ್ಯೇಕ ಬಣ್ಣವಿಲ್ಲ. ಹಾಗಾಗಿ ಲಾರಿ ನಿಲ್ಲಲು, ಮಂಡಿಗೆ ಪೇಟೆಯ ಹೊರಗೆ ಜಾಗ ಬೇಕೆಂದು ಬರಹದಲ್ಲೇ ಕೇಳಬೇಕು. ಕೋಲಾರದ ಎಪಿಎಂಸಿಯ ಟೊಮೆಟೊ ವಹಿವಾಟಿಗೂ ಇದು ಅನ್ವಯ. 15 ಕೆ.ಜಿ. ಬಾಕ್ಸುಗಳನ್ನು ಹೇರಿದ ಲಾರಿ, ಟೆಂಪೊ ಒಂದು ಕಡೆ, ಶಾಲೆ ಬಿಟ್ಟ ಮಕ್ಕಳು ಇನ್ನೊಂದು ಕಡೆ ಎನ್ನುವಂತಾಗದಿದ್ದರೆ ಯಾವ ಅಂಗಡಿ ಬೀದಿಯೂ ಉಸಿರಾಡುವುದಿಲ್ಲ. ಸಗಟು ಬೇರೆ, ಚಿಲ್ಲರೆ ಬೇರೆ ಎಂದು ಅರ್ಜಿಯಲ್ಲಿ ಬಿಡಿಸಿ ಬರೆಯಿರಿ.

ಮುಳಬಾಗಿಲಿನ ಆಸೆ ಹೆದ್ದಾರಿ 75ರ ಮೇಲೆ. ತಿರುಪತಿಗೆ ಹೋಗುವ ಕಾರುಗಳು ದೋಸೆಗೆ ನಿಲ್ಲುತ್ತವೆ ನಿಜ, ವ್ಯಾಪಾರವೂ ನಿಜ. ಆದರೆ ಅದು ದಾರಿಹೋಕರ ಪೇಟೆ, ನಿಮ್ಮ ಬಡಾವಣೆಯ ಅಜ್ಜಿ ಹೆದ್ದಾರಿ ದಾಟಿ ಬೇಳೆ ತರಲಾರರು. ಊರಿನ ಹೊರಗೆ ರಾಷ್ಟ್ರೀಯ ಹೆದ್ದಾರಿಯ ಮಧ್ಯರೇಖೆಯಿಂದ 40 ಮೀಟರ್ ಒಳಗೆ ಕಟ್ಟಡ ಬರಬಾರದೆಂಬ ನಿಯಮವೂ ಇದೆ. ಒಳರಸ್ತೆಯ ಪೇಟೆಯನ್ನೇ ಕೇಳಿ.

ತಳ್ಳುಗಾಡಿಯವರನ್ನು ಜೊತೆಗೆ ಸೇರಿಸಿಕೊಳ್ಳಿ

ಬಡಾವಣೆ ಸಂಘದವರು ಇಲ್ಲೇ ಎಡವುವುದು. ‘ನಮಗೆ ಅಂಗಡಿ ಬೇಕು, ಗಾಡಿ ಬೇಡ’ ಎಂಬ ಮನವಿ ಕಾನೂನಿನ ಮುಂದೆ ನಿಲ್ಲುವುದಿಲ್ಲ. ಬೀದಿ ಬದಿ ವ್ಯಾಪಾರಿಗಳ ಕಾಯ್ದೆ 2014ರ ಪ್ರಕಾರ ಪ್ರತಿ ಪಟ್ಟಣದಲ್ಲೂ ಮಾರಾಟ ಸಮಿತಿ ಇರಬೇಕು. ಅದರ ಸದಸ್ಯರಲ್ಲಿ ಶೇ 40ರಷ್ಟಾದರೂ ವ್ಯಾಪಾರಿಗಳೇ ತಮ್ಮೊಳಗಿಂದ ಆರಿಸಿದವರು, ಆ ಪ್ರತಿನಿಧಿಗಳಲ್ಲಿ ಮೂರನೇ ಒಂದು ಭಾಗ ಮಹಿಳೆಯರು ಆಗಿರಬೇಕು. ಐದು ವರ್ಷಕ್ಕೊಮ್ಮೆ ವ್ಯಾಪಾರಿಗಳ ಸಮೀಕ್ಷೆ ನಡೆಯಬೇಕು. ಈಗಾಗಲೇ ಜನ ಸೇರುವ ಮಾರುಕಟ್ಟೆಯನ್ನು ಮಾರಾಟ ನಿಷೇಧ ವಲಯ ಎಂದು ಘೋಷಿಸುವಂತಿಲ್ಲ. ವ್ಯಾಪಾರಿಗಳನ್ನು ಎತ್ತಂಗಡಿ ಮಾಡುವ ಮೊದಲು 30 ದಿನದ ನೋಟಿಸು ಕೊಡಬೇಕು. 50 ವರ್ಷಕ್ಕೂ ಹಳೆಯ ಸಹಜ ಮಾರುಕಟ್ಟೆಯಾದರೆ ಅದನ್ನು ಪಾರಂಪರಿಕ ಮಾರುಕಟ್ಟೆ ಎಂದು ಘೋಷಿಸಬೇಕು, ಅಲ್ಲಿನವರನ್ನು ಜಾಗ ಬದಲಿಸುವಂತಿಲ್ಲ.

ಜನಸಂಖ್ಯೆಯ ಶೇ 2.5ರವರೆಗೆ ವ್ಯಾಪಾರಿಗಳಿಗೆ ಜಾಗ ಕೊಡುವಂತೆ ಯೋಜನೆ ಇರಬೇಕು ಎನ್ನುತ್ತದೆ ಅದೇ ಕಾಯ್ದೆ. 2011ರ ಜನಗಣತಿಯನ್ನೇ ಹಿಡಿದರೆ ಸುಮಾರು 1.38 ಲಕ್ಷ ಜನರ ಕೋಲಾರದಲ್ಲಿ ಇದು 3,400ಕ್ಕೂ ಹೆಚ್ಚು, 57 ಸಾವಿರದ ಮುಳಬಾಗಿಲಿನಲ್ಲಿ 1,400ರಷ್ಟು, 40 ಸಾವಿರದ ಮಾಲೂರಿನಲ್ಲಿ ಒಂದು ಸಾವಿರ, ಸುಮಾರು 27 ಸಾವಿರದ ಶ್ರೀನಿವಾಸಪುರದಲ್ಲಿ 670ರಷ್ಟು. ಇಷ್ಟು ಜನ ಹಳೇ ಬಸ್ ನಿಲ್ದಾಣದ ಸುತ್ತಲೇ ನಿಲ್ಲಬೇಕೆಂದರೆ ಆಗುವ ಮಾತೇ? ಒಂದು ಪಾಲು ನಿಮ್ಮ ಬಡಾವಣೆಯ ಕೂಡುರಸ್ತೆಗೆ ಬರಲಿ ಎಂದು ನೀವೂ ಅವರೂ ಕೂಡಿ ಕೇಳಿದರೆ ಆ ಮನವಿಗೆ ಬರುವ ತೂಕವೇ ಬೇರೆ. ಹೊಸ ಪೇಟೆ ಚಿಗುರುವುದೂ ಗಾಡಿಗಳಿಂದಲೇ. ಮಳಿಗೆ ಆಮೇಲೆ ಬರುತ್ತದೆ.

ಆಕ್ಷೇಪಣೆ ಬರೆಯುವ ಕ್ರಮ

ಮಹಾಯೋಜನೆಯನ್ನು ಕನಿಷ್ಠ ಹತ್ತು ವರ್ಷಕ್ಕೊಮ್ಮೆ ಪರಿಷ್ಕರಿಸಬೇಕು. ಪರಿಷ್ಕೃತ ಕರಡಿಗೆ ಸರ್ಕಾರದ ತಾತ್ಕಾಲಿಕ ಅನುಮೋದನೆ ಸಿಕ್ಕಿದ ಮೇಲೆ ಅದನ್ನು ಪ್ರಕಟಿಸಿ ಸಾರ್ವಜನಿಕರ ಸಲಹೆ ಕೇಳುತ್ತಾರೆ. ಕಾಯ್ದೆಯ 13ನೇ ಕಲಂ ಇದಕ್ಕೆ 60 ದಿನ ಕೊಟ್ಟಿದೆ. ಆದರೂ ಪ್ರಕಟಣೆಯಲ್ಲಿ ಅಚ್ಚಾದ ಕೊನೆಯ ದಿನಾಂಕವನ್ನೇ ಹಿಡಿದು ನಡೆಯಿರಿ. ಈ ಪ್ರಕಟಣೆ ಪತ್ರಿಕೆಯ ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಬರುತ್ತದೆ. ಸಂಘದಲ್ಲಿ ಒಬ್ಬರಿಗೆ ಅದನ್ನು ನೋಡುವ ಕೆಲಸವನ್ನೇ ವಹಿಸಿಬಿಡಿ.

ಅರ್ಜಿಯಲ್ಲಿ ಭಾಷಣ ಬೇಡ. ಹೀಗಿದ್ದರೆ ಸಾಕು:

‘ಕರಡು ನಕ್ಷೆಯಲ್ಲಿ …… ಗ್ರಾಮದ ಸರ್ವೆ ನಂ. …… ರಲ್ಲಿನ ಜಾಗವನ್ನು ವಸತಿ ಎಂದು ತೋರಿಸಲಾಗಿದೆ. ಇದು …… ಮತ್ತು …… ಬಡಾವಣೆಗಳು ಕೂಡುವ ಜಾಗ, ಬಸ್ ನಿಲುಗಡೆ ಇದೆ. ನಾವು ನಡೆಸಿದ ಎಣಿಕೆಯ ವಿವರ ಮತ್ತು ಫೋಟೊ ಲಗತ್ತಿಸಿದೆ. ಈ ಜಾಗದ …… ಭಾಗವನ್ನು ಸ್ಥಳೀಯ ವಾಣಿಜ್ಯಕ್ಕೂ, ರಸ್ತೆ ಅಂಚನ್ನು ಬೀದಿ ವ್ಯಾಪಾರಕ್ಕೂ, ಪಕ್ಕದ ಸಿಎ ನಿವೇಶನವನ್ನು ಗ್ರಂಥಾಲಯ ಮತ್ತು ಶೌಚಾಲಯಕ್ಕೂ ಗೊತ್ತುಪಡಿಸಬೇಕೆಂದು ಕೋರುತ್ತೇವೆ.’

ಸರ್ವೆ ನಂಬರ್ ಇಲ್ಲದ ಅರ್ಜಿಗೆ ‘ಪರಿಶೀಲಿಸಲಾಗುವುದು’ ಎಂಬ ಒಂದೇ ಉತ್ತರ. ಒಬ್ಬೊಬ್ಬರೂ ಬೇರೆ ಬೇರೆ ಅರ್ಜಿ ಕೊಟ್ಟರೆ ಒಳ್ಳೆಯದು. ನೂರು ಸಹಿಯ ಒಂದು ಅರ್ಜಿ ದಾಖಲೆಯಲ್ಲಿ ಒಂದೇ ಅರ್ಜಿ. ಟಪಾಲು ವಿಭಾಗದಲ್ಲಿ ಕೊಟ್ಟು ನಿಮ್ಮ ಪ್ರತಿಯ ಮೇಲೆ ಮೊಹರು, ದಿನಾಂಕ ಹಾಕಿಸಿಕೊಳ್ಳದೆ ಮೆಟ್ಟಿಲಿಳಿಯಬೇಡಿ. ನಮ್ಮ ಕಡೆ ಕಚೇರಿಯ ಮಾತುಕತೆ ಅರ್ಧ ತೆಲುಗಿನಲ್ಲೇ ಆಗುತ್ತದೆ, ತೊಂದರೆಯಿಲ್ಲ. ಕಾಗದ ಮಾತ್ರ ಕನ್ನಡದಲ್ಲಿರಲಿ.

ಪರಿಷ್ಕರಣೆಯ ಕಾಲವಲ್ಲದಿದ್ದರೆ 14-ಎ ಕಲಮಿನ ಭೂ ಉಪಯೋಗ ಬದಲಾವಣೆ ಪ್ರಕಟಣೆಗಳ ಮೇಲೆ ಕಣ್ಣಿಡಿ. ಯಾರೋ ಒಬ್ಬರು ತಮ್ಮ ಜಮೀನನ್ನು ವಸತಿಯಿಂದ ವಾಣಿಜ್ಯಕ್ಕೆ ಬದಲಿಸಲು ಕೇಳಿದಾಗ ಆಕ್ಷೇಪಣೆಗೆ ಕನಿಷ್ಠ 15 ದಿನ ಕೊಡಬೇಕು. ಕಲ್ಯಾಣ ಮಂಟಪ, ದೊಡ್ಡ ಮಳಿಗೆಗಳು ಇಂಥ ದಾರಿಯಿಂದಲೂ ಬರುತ್ತವೆ. ಬೇಡವೆಂದೇ ಬರೆಯಬೇಕಿಲ್ಲ. ಪಾರ್ಕಿಂಗ್, ಚರಂಡಿ, ಕಸದ ವ್ಯವಸ್ಥೆಯ ಷರತ್ತು ಹಾಕಿ ಎಂದೂ ಬರೆಯಬಹುದು.

ನಿಮ್ಮ ಅರ್ಜಿಯ ಗತಿ ತಿಳಿಯದಿದ್ದರೆ ಮಾಹಿತಿ ಹಕ್ಕು ಇದೆ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯದ ಮೇಲೆ, 150 ಪದದೊಳಗೆ ಇರಬೇಕು. ನಕ್ಷೆ, ಸಮಿತಿಯ ನಡಾವಳಿ ಎರಡೂ ಬೇಕಿದ್ದರೆ ಎರಡು ಅರ್ಜಿ ಹಾಕಿ.

ಬಜೆಟ್, ಹರಾಜು

ನಕ್ಷೆಯಲ್ಲಿ ನೀಲಿ ಬಿದ್ದ ಮಾತ್ರಕ್ಕೆ ದೀಪ, ಶೌಚಾಲಯ ಬರುವುದಿಲ್ಲ. ಅದಕ್ಕೆ ನಗರಸಭೆ, ಪುರಸಭೆಗಳ ಬಜೆಟ್ ಪೂರ್ವಭಾವಿ ಸಭೆಗೆ ಹೋಗಬೇಕು. ಸಾಮಾನ್ಯವಾಗಿ ಹೊಸ ವರ್ಷದ ಆಚೀಚೆ ನಡೆಯುವ ಈ ಸಭೆಗೆ ಸಾರ್ವಜನಿಕರನ್ನು ಕರೆಯುತ್ತಾರೆ, ಹೋಗುವವರು ಕಡಿಮೆ. ಅಲ್ಲಿ ದೊಡ್ಡ ಕಾಂಪ್ಲೆಕ್ಸ್ ಕೇಳಬೇಡಿ. ನೆಲಕ್ಕೆ ಕಲ್ಲುಹಾಸು, ಹೈಮಾಸ್ಟ್ ದೀಪ, ನೀರಿನ ನಲ್ಲಿ, ಮಹಿಳೆಯರ ಶೌಚಾಲಯ, ದಿನಕ್ಕೆರಡು ಸಲ ಕಸದ ಗಾಡಿ ಕೇಳಿ.

ಮಳಿಗೆ ಕಟ್ಟಿಯೇ ಕಟ್ಟುತ್ತಾರೆ ಎಂದಾದರೆ ಹರಾಜಿನ ಪ್ರಕಟಣೆಯನ್ನು ಎರಡು ಬಾರಿ ಓದಿ. ಗುತ್ತಿಗೆ ಅವಧಿ ಸಾಮಾನ್ಯವಾಗಿ 12 ವರ್ಷ. ಮಾಸಿಕ ಬಾಡಿಗೆ ಎಷ್ಟು, ಠೇವಣಿ ಎಷ್ಟು, ಮೀಸಲು ಮಳಿಗೆಗಳು ಯಾವುವು, ಒಳಬಾಡಿಗೆಗೆ ಕೊಟ್ಟರೆ ಏನು ಕ್ರಮ ಎಂದು ಮುಖ್ಯಾಧಿಕಾರಿ ಅಥವಾ ಪೌರಾಯುಕ್ತರನ್ನು ಲಿಖಿತವಾಗಿ ಕೇಳಿ. ಒಳಬಾಡಿಗೆಯ ವಿಷಯವನ್ನು ಬಿಡಲೇಬೇಡಿ. ಹರಾಜಿನಲ್ಲಿ ಹಿಡಿದವರೊಬ್ಬರು, ಅಂಗಡಿ ನಡೆಸುವವರು ಇನ್ನೊಬ್ಬರು ಆದಾಗ ಬಾಡಿಗೆ ಎರಡು ಪಟ್ಟಾಗುತ್ತದೆ. ಆ ಬಾಡಿಗೆ ಕೊನೆಗೆ ಬಂದು ಸೇರುವುದು ನಿಮ್ಮ ಸೊಪ್ಪಿನ ಬೆಲೆಗೆ.